ಗೋಸುಂಬೆಯ ಕಾಲು, ಮಾವನ ಕೈಗುಣ

ಮೊನ್ನೆ ನಮ್ಮ ಬೀದಿಯ ಇಸ್ತ್ರಿ ಅಂಗಡಿಯಲ್ಲಿ ಯಾರದೋ ರೇಷ್ಮೆ ಸೀರೆಯ ಸೆರಗು ಸುಟ್ಟಿತು. ದೊಡ್ಡ ಅನಾಹುತವೇನಲ್ಲ, ಬೆರಳಗಲ. ಆದರೆ ರೇಷ್ಮೆ ಸುಟ್ಟರೆ ಕೂದಲು ಸುಟ್ಟಂಥ ವಾಸನೆ ಬರುತ್ತದೆ, ಒಮ್ಮೆ ಮೂಗಿಗೆ ಹತ್ತಿದರೆ ಬೇಗ ಹೋಗುವುದಿಲ್ಲ. ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ನಾನು ಅಲ್ಲೇ ನಿಂತುಬಿಟ್ಟೆ. ಸೀರೆ ನನ್ನದೇ ಎಂದುಕೊಂಡು ಅಂಗಡಿಯವನು ಗಾಬರಿಯಾದ. ನನ್ನದಲ್ಲಪ್ಪ ಎಂದು ಸಮಾಧಾನ ಹೇಳಿ ಮನೆಗೆ ಬಂದೆ. ಬಂದ ಮೇಲೆ ಅಡುಗೆಯಲ್ಲಿ ಕೈ ಆಡಲಿಲ್ಲ. ಹನ್ನೆರಡು ವರ್ಷದ ಹಿಂದೆ ಒಂದು ದಿನ ನಮ್ಮ ಮನೆಯಲ್ಲಿ ಈ ವಾಸನೆ ಏಳಬೇಕಾಗಿತ್ತು. ಏಳದಂತೆ ಮಾಡಿದವಳು ನಾನು. ಅದನ್ನು ನಿಮಗೆ ಹೇಳಬೇಕು ಅನ್ನಿಸಿದೆ.

ಆಗ ನಾವು ಉಡಿಗಾಲದಲ್ಲಿದ್ದೆವು. ನನ್ನ ಗಂಡ ಬೈಕಿನಲ್ಲಿ ಬದನಗುಪ್ಪೆಯ ಕಾರ್ಖಾನೆಗೆ ಹೋಗಿ ಬರುತ್ತಿದ್ದರು. ಹಿಪ್ಪುನೇರಳೆ ತೋಟ, ರೇಷ್ಮೆ ಸಾಕುವ ಹುಳುಮನೆ ಎಲ್ಲ ನನ್ನ ಮತ್ತು ಮಾವನ ಪಾಲು. ಮಾವನ ಹೆಸರು ಬಸಪ್ಪ. ಊರಿನಲ್ಲಿ ಬಸಪ್ಪಂದಿರಿಗೆ ಬರವಿಲ್ಲವಾದ್ದರಿಂದ ಇವರನ್ನು ಗೊರಸಿನ ಬಸಪ್ಪ ಎನ್ನುತ್ತಿದ್ದರು. ಸುತ್ತಮುತ್ತ ಯಾರ ದನದ ಕಾಲಿಗೆ ಏನಾದರೂ ನಮ್ಮ ಮನೆ ಮುಂದೆ ತಂದು ನಿಲ್ಲಿಸುತ್ತಿದ್ದರು. ಮಾವ ಬೆಳಗಿನ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಜಗಲಿಗೆ ಬಂದು ಗೊರಸು ಎತ್ತಿ ನೋಡುತ್ತಿದ್ದರು. ಔಷಧದಲ್ಲಿ ಗುಟ್ಟೇನೂ ಇರಲಿಲ್ಲ. ಅರಿಶಿನ, ಹೊಂಗೆ ಎಣ್ಣೆ, ಅರೆದ ಬೇವಿನ ಸೊಪ್ಪು. ಎಲ್ಲರ ಮನೆಯಲ್ಲೂ ಇರುವಂಥದೇ. ಆದರೆ ಅದು ಬಸಪ್ಪನವರ ಕೈಯಿಂದ ಬಿದ್ದರೆ ಮಾತ್ರ ಹುಣ್ಣು ಮಾಯುತ್ತದೆ ಎಂದು ಜನ ನಂಬಿದ್ದರು. ಕೈಗುಣ ಎನ್ನುತ್ತಾರಲ್ಲ, ಅದು. ಮಾವ ಹೊರಗೆ ಎಷ್ಟೇ ಬಿಗಿಯಾಗಿದ್ದರೂ ಆ ಮಾತು ಕಿವಿಗೆ ಬಿದ್ದಾಗ ಮುಖ ಅರಳುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ ಅವರಿಗೆ ಉಳಿದಿದ್ದ ಸಂತೋಷ ಅದೊಂದೇ ಎಂದು ನನಗೆ ಗೊತ್ತಿತ್ತು.

ಕಾಲು ನೋಡುವ ಚಟ ದನಕ್ಕೆ ಮಾತ್ರ ನಿಂತಿರಲಿಲ್ಲ. ನನ್ನನ್ನು ನೋಡಲು ಬಂದ ದಿನ ಎಲ್ಲರೂ ನನ್ನ ಮುಖ ನೋಡಿದರೆ ಇವರು ನೆಲ ನೋಡುತ್ತಿದ್ದರು. ಎಷ್ಟು ಸಂಕೋಚದ ಮನುಷ್ಯ ಎಂದುಕೊಂಡೆ. ಹೊರಡುವಾಗ ನಮ್ಮ ಅಮ್ಮನನ್ನು ಕರೆದು, “ಕೂಸಿನ ಇಮ್ಮಡಿ ಒಡೆದದೆ ಕಣವ್ವ, ಅರಳೆಣ್ಣೆ ಹಚ್ಚಿ” ಎಂದರಂತೆ. ಒಪ್ಪಿಗೆ ತಿಳಿಸಿದ್ದು ಅದಾದ ಮೇಲೆ. ಮೂರು ತಿಂಗಳು ಹಿಮ್ಮಡಿಗೆ ಎಣ್ಣೆ ಹಚ್ಚಿಕೊಂಡೇ ನಾನು ಆ ಮನೆ ಸೇರಿದ್ದು.

ಗೋಸುಂಬೆಯನ್ನು ತಂದವರೂ ಅವರೇ. ಗುಂಡ್ಲುಪೇಟೆಯಲ್ಲಿ ನನ್ನ ನಾದಿನಿಯ ಮನೆ. ಅಲ್ಲಿಂದ ಯಾರದೋ ಗಾಡಿಯ ಹಿಂದೆ ಕೂತು ಬಂದವರು ಜಗಲಿಯ ಮೇಲೆ ಟವೆಲ್ ಬಿಚ್ಚಿದರು. ಒಳಗೆ ಗೇಣುದ್ದದ ಹಸಿರು ಪ್ರಾಣಿ, ಒಂದು ಕಣ್ಣಿನಲ್ಲಿ ನನ್ನನ್ನೂ ಇನ್ನೊಂದರಲ್ಲಿ ಸೂರನ್ನೂ ನೋಡುತ್ತಿತ್ತು.

“ನಡುರೋಡಲ್ಲಿ ನಿಂತ್ಕಂಡು ಮುಂದುಕ್ಕೋಗನಾ ಇಂದುಕ್ಕೋಗನಾ ಅಂತ ತೂಗ್ತಿತ್ತು ಕಣವ್ವ,” ಎಂದರು. “ಬಾಳೆಗೊನೆ ಲಾರಿ ಬತ್ತಿತ್ತು. ಎತ್ಕಂಡ್ ಬಂದ್ಬುಟ್ಟೆ. ಎರಡು ದಿನ ಇಟ್ಕಂಡು ಬುಟ್ಬುಡನ.”

ಎರಡು ದಿನ ಎರಡು ವಾರವಾಯಿತು, ಆಮೇಲೆ ಲೆಕ್ಕ ಬಿಟ್ಟೆವು. ಮಾವ ಅದಕ್ಕೆ ನಿಧಾನಪ್ಪ ಎಂದು ಹೆಸರಿಟ್ಟರು. ಹುಳುಮನೆಗೆ ಹುಳು ಕೊಲ್ಲುವ ಊಜಿ ನೊಣ ನುಗ್ಗದಿರಲಿ ಎಂದು ಕಟ್ಟುವ ನೈಲಾನ್ ಪರದೆಯಿಂದ ಜಗಲಿಯ ಮೂಲೆಯನ್ನು ಮರೆ ಮಾಡಿ, ನುಗ್ಗೆ ಕೊಂಬೆ ನಿಲ್ಲಿಸಿ ಮನೆ ಮಾಡಿಕೊಟ್ಟೆವು. ಊಟಕ್ಕೆ ಮಿಡತೆ, ಮತ್ತೆ ನಮ್ಮ ತಟ್ಟೆಗಳಲ್ಲಿ ಬೆಳೆಯದೆ ಹಿಂದುಳಿದ ರೇಷ್ಮೆ ಹುಳು. ಹುಳು ತಿನ್ನುವ ಪ್ರಾಣಿಯನ್ನು ಹುಳು ಸಾಕುವ ಮನೆಯಲ್ಲಿ ಇಟ್ಟುಕೊಂಡವರು ಸೀಮೆಯಲ್ಲೇ ನಾವೊಬ್ಬರೇ ಎಂದು ಕಾಣುತ್ತದೆ. ಕಾಡಿನ ಪ್ರಾಣಿಯನ್ನು ಮನೆಯಲ್ಲಿ ಸಾಕುವುದು ಕಾನೂನಿಗೂ ವಿರುದ್ಧ ಎಂದು ಆಗ ನಮಗೆ ತಿಳಿದಿರಲಿಲ್ಲ. ನೀವಂತೂ ಹಾಗೆ ಮಾಡಬೇಡಿ.

ಗೋಸುಂಬೆ ಎಂದರೆ ಎಲ್ಲರಿಗೂ ಬಣ್ಣವೇ ನೆನಪು. ಮಾವ ಮಾತ್ರ ಅದರ ಕಾಲು ನೋಡುತ್ತಾ ಕೂರುತ್ತಿದ್ದರು. ಅವರ ಪಕ್ಕ ಕೂತು ನಾನೂ ನೋಡಿದೆ. ಒಂದೊಂದು ಪಾದವೂ ಒಲೆಯ ಇಕ್ಕಳದ ಹಾಗೆ, ಒಂದು ಕಡೆ ಎರಡು ಬೆರಳು ಕೂಡಿಕೊಂಡು, ಇನ್ನೊಂದು ಕಡೆ ಮೂರು. ಕೊಂಬೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುತ್ತದೆ. ಆ ಹಿಡಿತ ಹೋದರೆ ಅದರ ಬದುಕೇ ಹೋದಂತೆ. ಓಡಲು ಬಾರದು, ಕಚ್ಚಿದರೂ ಯಾರಿಗೂ ನೋವಿಲ್ಲ. ಎತ್ತರದಲ್ಲಿ ಅಲುಗದೆ ಕೂರುವುದೊಂದೇ ಅದಕ್ಕೆ ಗೊತ್ತಿರುವ ಉಪಾಯ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಗೆ ಚಂದ್ರಿಕೆ ಎನ್ನುತ್ತಾರೆ. ಅದರ ತುಂಬ ಬಿದಿರಿನ ಪಟ್ಟಿ ಸುತ್ತು ಸುತ್ತಾಗಿ ಎದ್ದು ನಿಂತಿರುತ್ತದೆ. ಗೂಡು ಬಿಡಿಸಿಕೊಂಡ ಮೇಲೂ ಪಟ್ಟಿಗಳಿಗೆ ಕಣ್ಣಿಗೆ ಕಾಣದಂಥ ಎಳೆಗಳು ಅಂಟಿಕೊಂಡಿರುತ್ತವೆ. ಅದಕ್ಕೇ ಚಂದ್ರಿಕೆಯನ್ನು ಉರಿಯ ಮೇಲೆ ಆಡಿಸಿ, ಎಳೆಗಳನ್ನು ಸುಟ್ಟು ಎತ್ತಿಡುವುದು ಪದ್ಧತಿ. ಮಾವ ಇದರಲ್ಲಿ ಬಲು ಕಟ್ಟುನಿಟ್ಟು. ಸುಡದ ಚಂದ್ರಿಕೆ ಅಂಗಳ ದಾಟಬಾರದು.

ಅವರು ಇನ್ನೊಮ್ಮೆ ಗುಂಡ್ಲುಪೇಟೆಗೆ ಹೋಗಿದ್ದ ದಿನ ನುಗ್ಗೆ ಕೊಂಬೆ ಒಣಗಿ ಮುರಿಯಿತು. ಹಿಂದಿನ ದಿನವಷ್ಟೇ ಗೂಡು ಬಿಡಿಸಿದ್ದ ಒಂದು ಹಳೆಯ ಚಂದ್ರಿಕೆ ಎದುರಿಗೇ ಇತ್ತು. ಹಿಡಿಯಲು ಇಷ್ಟೊಂದು ಪಟ್ಟಿ ಇರುವಾಗ ಇದಕ್ಕಿಂತ ಒಳ್ಳೆಯ ಜಾಗ ನಿಧಾನಪ್ಪನಿಗೆ ಎಲ್ಲಿ ಸಿಗಬೇಕು ಎಂದುಕೊಂಡೆ. ಸುಡಬೇಕು ಎಂದೂ ನೆನಪಾಯಿತು. ಸುಟ್ಟ ನಾತಕ್ಕೆ ಪ್ರಾಣಿ ಹೆದರಬಹುದು ಎಂದು ಬಿಟ್ಟೆ. ಹಾಗೆಂದು ಹೇಳಿಕೊಳ್ಳುತ್ತೇನೆ, ಅರ್ಧ ಸೋಮಾರಿತನವೂ ಇತ್ತು. ಪರದೆಯೊಳಗೆ ಚಂದ್ರಿಕೆಯನ್ನು ಗೋಡೆಗೆ ಒರಗಿಸಿದೆ. ಮರುದಿನ ಬಂದ ಮಾವ ನೋಡಿ, “ಒಳ್ಳೆ ಕೆಲ್ಸ ಮಾಡ್ದೆ” ಎಂದರು. ಸುಟ್ಟೆಯಾ ಎಂದು ಕೇಳಲಿಲ್ಲ. ಹುಳುಮನೆಯ ಕೆಲಸದಲ್ಲಿ ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ.

ನಾಲ್ಕೈದು ದಿನ ಕಳೆದಿರಬೇಕು. ನಿಧಾನಪ್ಪ ಎಡಗಡೆಯ ಮುಂಗಾಲನ್ನು ಊರದೆ ಎತ್ತಿಕೊಂಡು ಕೂರತೊಡಗಿತು. ಅದು ಮೊದಲೇ ಕಾಲೆತ್ತಿ ಯೋಚಿಸುವ ಪ್ರಾಣಿ, ಇನ್ನಷ್ಟು ಯೋಚನೆ ಇರಬೇಕು ಎಂದು ನಾನು ನಕ್ಕೆ. ಮರುದಿನ ಹಿಡಿತ ತಪ್ಪಿ ಬಾಲದಲ್ಲಿ ನೇತಾಡಿತು. ಅದರ ಮರುದಿನ ಮೈಯೆಲ್ಲ ಎಳೆ ಹಸಿರಿದ್ದರೂ ಆ ಕಾಲಿನ ಎರಡು ಬೆರಳು ಮಾತ್ರ ಕಂದು ಬಣ್ಣಕ್ಕೆ ತಿರುಗಿ ಊದಿದ್ದವು. ಎತ್ತಿದ ಕಾಲು, ತಪ್ಪಿದ ಹಿಡಿತ, ಮೈಬಣ್ಣದ ಜೊತೆ ಬದಲಾಗದ ಬೆರಳು. ಮೂರು ದಿನ ಅದು ಒಂದೊಂದಾಗಿ ತೋರಿಸಿತ್ತು, ನಾನು ಮೂರನೆಯ ದಿನ ಮಾವನನ್ನು ಕರೆದೆ.

ಮಾವ ಕನ್ನಡಕ ಹಾಕಿಕೊಂಡು ನೋಡಿದರು. “ಮುಳ್ಳು ಚುಚ್ಚಿರ್ಬೇಕು, ಕೀವಾಗದೆ,” ಎಂದು ಅರಿಶಿನವನ್ನು ಎಣ್ಣೆಯಲ್ಲಿ ಕಲಸಿ ಬೆರಳುಗಳಿಗೆ ದಪ್ಪಗೆ ಮೆತ್ತಿದರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಎತ್ತಿನ ಗೊರಸು ಹಿಡಿದ ಕೈ ಅಷ್ಟು ಸಣ್ಣ ಪಾದವನ್ನು ಎರಡೇ ಬೆರಳಿನಲ್ಲಿ ಹಿಡಿಯುತ್ತಿತ್ತು. “ಮಾಯ್ತದೆ ಬುಡು, ಮಾಯ್ತದೆ,” ಎಂದು ಅದಕ್ಕೇ ಹೇಳುತ್ತಿದ್ದರು. ಮಾಯಲಿಲ್ಲ. ಅರಿಶಿನ ಹಚ್ಚತೊಡಗಿದ ನಾಲ್ಕನೆಯ ದಿನ ಬೆರಳ ತುದಿ ಕಪ್ಪಗಾಯಿತು. ಮಾವ ಊಟದ ತಟ್ಟೆ ಸರಿಸಿ, ಚಾಮರಾಜನಗರದ ದನದ ಡಾಕ್ಟರ ಹತ್ತಿರ ತೆಗೆದುಕೊಂಡು ಹೋಗು ಎಂದರು. ತಮ್ಮ ಕೈ ಮೀರಿತು ಎಂದು ಅವರು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಬುಟ್ಟಿಯಲ್ಲಿ ಸೊಪ್ಪು ಹಾಸಿ, ಬಟ್ಟೆ ಮುಚ್ಚಿ ಬಸ್ಸು ಹತ್ತಿದೆ. ಆಸ್ಪತ್ರೆಗೆ ಇನ್ನೂ ಹೊತ್ತಿತ್ತು, ದಾರಿಯಲ್ಲೇ ಮುನೀರಕ್ಕನ ಮನೆ. ಮುನೀರಕ್ಕನ ಮನೆಯವರು ತಲೆಮಾರುಗಳಿಂದ ನೂಲು ಬಿಚ್ಚುವವರು. ಬಿಸಿನೀರಿನಲ್ಲಿ ಗೂಡು ಹಾಕಿ, ಎಳೆಯ ತುದಿ ಹುಡುಕಿ, ಚರಕಕ್ಕೆ ಸುತ್ತುವುದು ಅವರ ಕಸುಬು. ನಮ್ಮ ಊರಿನ ಗೂಡು ಕೊಳ್ಳುತ್ತಿದ್ದ ಕಾಲದಿಂದಲೂ ಪರಿಚಯ. ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ಅವರ ಬೆರಳ ತುದಿಗಳು ಬೆಳ್ಳಗೆ ನುಣ್ಣಗಾಗಿದ್ದವು.

ಬುಟ್ಟಿ ತೆಗೆದು ನೋಡಿದವರೇ, “ಇಷ್ಟು ಅರಿಶಿನ ಮೆತ್ತಿದ್ರೆ ಒಳಗೇನಾಗದೆ ಅಂತ ಹೆಂಗಮ್ಮ ಕಾಣ್ತದೆ?” ಎಂದರು. ನೀರು ತರಿಸಿ, ಮೊಣಕೈ ಅದ್ದಿ ಬಿಸಿ ನೋಡಿ, ತಣ್ಣೀರು ಬೆರೆಸಿ ಉಗುರು ಬೆಚ್ಚಗೆ ಮಾಡಿದರು. ನಾನು ಪ್ರಾಣಿಯನ್ನು ಹಿಡಿದುಕೊಂಡೆ, ಅವರು ಆ ಕಾಲನ್ನು ನೀರಿನಲ್ಲಿ ಅದ್ದಿ ಸುಮ್ಮನೆ ಕೂತರು. ಒಳಗಿದ್ದ ಸೊಸೆಗೆ ಉರ್ದುವಿನಲ್ಲಿ ಏನೋ ಹೇಳಿದರು, ಅವಳು ಬಿಳಿ ಬಟ್ಟೆಯೊಂದನ್ನು ತಂದಿಟ್ಟಳು. ಅರಿಶಿನ ಕರಗಿ ನೀರು ಹಳದಿಯಾಯಿತು. ಆಮೇಲೆ ಮುನೀರಕ್ಕ ಕಣ್ಣು ಮುಚ್ಚಿಕೊಂಡು, ಊದಿದ ಬೆರಳುಗಳ ಬುಡದಲ್ಲಿ ತಮ್ಮ ಬೆರಳ ತುದಿಯನ್ನು ಮೆಲ್ಲಗೆ ಉರುಳಿಸಿದರು.

“ನೂಲು ಅದೆ,” ಎಂದರು.

ನನಗೇನೂ ಕಾಣಲಿಲ್ಲ. ಅವರು ಸೂಜಿಯ ಹಿಂಬದಿಯಿಂದ ಒತ್ತಿ ಒತ್ತಿ ತುದಿಯೊಂದನ್ನು ಎಬ್ಬಿಸಿದರು. ಎಳೆಯಲಿಲ್ಲ. ಪ್ರತಿ ಸುತ್ತಿಗೂ ನೀರು ಹನಿಸಿ, ಅಂಟು ಬಿಡಿಸಿ, ಎಳೆ ಹೇಗೆ ಸುತ್ತಿಕೊಂಡಿತ್ತೋ ಅದೇ ದಾರಿಯಲ್ಲಿ ಹಿಂದಕ್ಕೆ ಬಿಚ್ಚುತ್ತ ಬಂದರು. ಬಿಳಿ ಬಟ್ಟೆಯ ಮೇಲೆ ಅರಿಶಿನ, ಕೀವು ಅಂಟಿದ ಎಳೆ ಮೊಳದುದ್ದ ಬಿದ್ದಿತ್ತು. ಬೆರಳುಗಳ ಬುಡದಲ್ಲಿ ದಾರ ಕಟ್ಟಿದಂಥ ಗುಳಿ ಉಳಿದಿತ್ತು. ಮುನೀರಕ್ಕ ಎಳೆಯನ್ನು ಬೆರಳಲ್ಲಿ ಹೊಸೆದು ನೋಡಿ, ತಲೆ ಎತ್ತದೆ ಕೇಳಿದರು:

“ಚಂದ್ರಿಕೆ ಸುಡ್ಲಿಲ್ವಾ?”

ನಾನು ಇಲ್ಲ ಎಂದೆ. ಅವರು ಬಟ್ಟೆ ಮಡಚಿ ನನ್ನ ಕೈಗಿಟ್ಟು, ಡಾಕ್ಟರಿಗೆ ತೋರಿಸು ಎಂದರು.

ಡಾಕ್ಟರು ಒಳ್ಳೆಯವರು. ರಕ್ತ ಓಡದೆ ಎರಡು ಬೆರಳು ಸತ್ತಿವೆ, ಉಳಿದ ಕಾಲು ಉಳಿಯುತ್ತದೆ, ಇನ್ನೆರಡು ದಿನ ತಡವಾಗಿದ್ದರೆ ಕಾಲೇ ಹೋಗುತ್ತಿತ್ತು ಎಂದರು. ಸತ್ತ ಬೆರಳು ತೆಗೆದು ಔಷಧ ಹಚ್ಚಿದರು. ಇನ್ನು ಅರಿಶಿನ, ಎಣ್ಣೆ ಯಾವುದೂ ಬೇಡ, ಗಾಯ ಕಾಣುವಂತಿರಬೇಕು ಎಂದರು. ಸಾಕಿಕೊಂಡದ್ದಕ್ಕೆ ಸರಿಯಾಗಿ ಬೈದರು. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ, ಮಾಯುವವರೆಗೆ ತಮ್ಮ ಕಣ್ಣಳತೆಯಲ್ಲಿ ನಮ್ಮಲ್ಲೇ ಇರಲಿ, ಆಮೇಲೆ ಅವರು ಹೇಳಿದ ಜಾಗದಲ್ಲಿ ಬಿಡಬೇಕು ಎಂದು ಗೊತ್ತು ಮಾಡಿದರು. ಡಾಕ್ಟರು ಕೇಳಿದ್ದಕ್ಕೆ ನಾನು ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದ್ದೆ. ಪರವೂರಿನವರ ಮುಂದೆ ತಪ್ಪು ಒಪ್ಪಿಕೊಳ್ಳುವುದು ಅಷ್ಟು ಕಷ್ಟವಲ್ಲ.

ಮಾವ ಬಸ್ ಸ್ಟಾಪಿನಲ್ಲೇ ಕಾಯುತ್ತಿದ್ದರು. ಬುಟ್ಟಿಯ ಬಟ್ಟೆ ಸರಿಸಿ ಕಾಲು ನೋಡಿದರು. ಎರಡು ಬೆರಳು ಇರಲಿಲ್ಲ. “ನನ್ನ ಅರಿಶಿನವೇ ತಿಂತು ಅಲ್ವಾ?” ಎಂದರು.

ನಿಜ ಹೇಳಲು ಅದೇ ಗಳಿಗೆ. ಎಳೆ ಇದ್ದ ಬಟ್ಟೆ ನನ್ನ ಚೀಲದಲ್ಲೇ ಇತ್ತು. ನಾನು, “ಅರಿಶಿನ ಹಚ್ಚಬೇಡಿ ಅಂದ್ರು ಮಾವ ಡಾಕ್ಟ್ರು,” ಎಂದೆ. ಡಾಕ್ಟರು ಹಾಗೆ ಹೇಳಿದ್ದು ಸುಳ್ಳಲ್ಲ. ಅದಕ್ಕೇ ಆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬಂತು. ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೆದರಿಕೆ ಎನ್ನಲು ಮಾವ ನನ್ನನ್ನು ಒಂದು ದಿನವೂ ಗದರಿದವರಲ್ಲ. ಹುಳುಮನೆಯಲ್ಲಿ ನನ್ನ ಕೈ ತಪ್ಪುವುದಿಲ್ಲ ಎಂದು ಅವರು ನಾಲ್ಕು ಜನರ ಮುಂದೆ ಹೇಳುತ್ತಿದ್ದರಲ್ಲ, ಆ ಹೆಸರು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಅವರ ಹೆಸರು ಹೋದರೆ ಹೋಗಲಿ ಎಂದು ಹಾಗೆ ಬಿಡಿಸಿ ಯೋಚಿಸಲಿಲ್ಲ, ಆದರೆ ಮಾಡಿದ್ದು ಅದನ್ನೇ.

ಒಂದು ವಾರಕ್ಕೆ ಹರದನಹಳ್ಳಿಯ ಮಹದೇವ ತನ್ನ ಜೋಡಿ ಎತ್ತುಗಳಲ್ಲಿ ಒಂದನ್ನು ಟೆಂಪೋದಲ್ಲಿ ತಂದ. ಗೊರಸಿನ ಸಂದು ಕೊಳೆಯುತ್ತಿತ್ತು. ನಾನು ಬಾಗಿಲ ಹಿಂದೆ ಅಕ್ಕಿ ಆರಿಸುತ್ತಿದ್ದೆ.

“ನನ್ನ ಕೈ ಕೆಟ್ಟೋಗದೆ ಕಣ್ಲಾ ಮಾದೇವ,” ಎಂದರು ಮಾವ. “ಮುಟ್ಟಲ್ಲ ನಾನು. ಡಾಕ್ಟ್ರತ್ರ ಒಡ್ಕಂಡೋಗು.”

“ನಿನ್ ಕೈಗುಣ ನಂಬ್ಕಂಡು ಬಂದಿವ್ನಿ ಬಸಪ್ಪಣ್ಣ.”

“ಆ ಕೈಗುಣ ಓಯ್ತು ಕಣಪ್ಪ.”

ಮೊರ ಕೆಳಗಿಟ್ಟು ಎದ್ದು ಹೊರಗೆ ಹೋಗಬೇಕಿತ್ತು. ಅಕ್ಕಿ ಆರಿಸುತ್ತಲೇ ಕೂತೆ. ಅವನಾದ ಮೇಲೆ ಬಂದವರನ್ನೂ ಮಾವ ಹಾಗೆಯೇ ಕಳಿಸಿದರು. ನಿಧಾನಪ್ಪನ ಹತ್ತಿರ ಕೂರುತ್ತಿದ್ದರು, ಮುಟ್ಟುತ್ತಿರಲಿಲ್ಲ. ಔಷಧಕ್ಕೆ ಆಸ್ಪತ್ರೆಗೆ ಹೋದಾಗಲೆಲ್ಲ ನಾನು ಮುನೀರಕ್ಕನನ್ನು ನೋಡುತ್ತಿದ್ದೆ. ಅವರು ಟೀ ಕೊಟ್ಟು, “ಹೇಳ್ದಾ?” ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು.

ಮೂರು ತಿಂಗಳಿಗೆ ಗಾಯ ಪೂರ್ತಿ ಒಣಗಿತು. ಅರಣ್ಯ ಇಲಾಖೆಯವರು ಗುಂಡ್ಲುಪೇಟೆ ರಸ್ತೆಯಿಂದ ಒಳಗೆ ಒಂದು ಕುರುಚಲು ಕಾಡು ತೋರಿಸಿದರು. ಆಟೋ ಮಾಡಿಕೊಂಡು ನಾನು, ಮಾವ ಹೋದೆವು. ನಿಧಾನಪ್ಪನನ್ನು ನಾನೇ ಜಾಲಿ ಕೊಂಬೆಯ ಮೇಲೆ ಬಿಟ್ಟೆ. ಎಡಗಾಲು ಒಮ್ಮೆ ಜಾರಿತು. ಬಾಲ ಸುತ್ತಿ ನಿಂತು, ಉಳಿದ ಬೆರಳುಗಳನ್ನೇ ಕೊಂಬೆಗೆ ಕೊಕ್ಕೆಯ ಹಾಗೆ ಹಾಕಿ ಒಂದು ಹೆಜ್ಜೆ ಮುಂದಿಟ್ಟಿತು.

“ಬದುಕಿರೋಗಂಟ ನನ್ ಕೈ ಮಾಡಿದ್ ಕೆಲ್ಸವ ಒತ್ಕಂಡು ತಿರುಗ್ತದೆ,” ಎಂದರು ಮಾವ. ಅವರ ಕಣ್ಣಲ್ಲಿ ನೀರಿತ್ತು. ಅತ್ತೆ ಹೋದಾಗಲೂ ನನ್ನ ಎದುರು ಅತ್ತವರಲ್ಲ.

ಅಲ್ಲೇ ಹೇಳಿಬಿಟ್ಟೆ. ಚಂದ್ರಿಕೆ, ಸುಡದ್ದು, ಮುನೀರಕ್ಕ ಬಿಚ್ಚಿದ ಎಳೆ ಎಲ್ಲ. ಅರಿಶಿನ ಎಳೆಯನ್ನು ಮುಚ್ಚಿತ್ತು ಅಷ್ಟೇ ಮಾವ, ಕೊಯ್ದದ್ದು ಅದಲ್ಲ ಎಂದೆ. ಅವರು ಕೊಂಬೆಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ.

“ಮಾದೇವ ಎತ್ತ ತಂದಾಗ ಒಳ್ಗೇ ಇದ್ದೆ ಅಲ್ವಾ?”

“ಇದ್ದೆ ಮಾವ.”

“ಕೇಳುಸ್ಕಂಡೆ.”

“ಹೂಂ.”

ಮನೆಯ ಮುಂದೆ ಆಟೋ ಇಳಿದಾಗ ಮಾವ, “ನಾಳೆ ಬೆಳ್ಗೆ ರೆಡಿಯಾಗಿರು. ಅರದನಳ್ಳಿಗೆ ಓಗನ,” ಎಂದು ಒಳಗೆ ಹೋದರು.

ಮಹದೇವನ ಕೊಟ್ಟಿಗೆಯಲ್ಲಿ ಒಂದೇ ಎತ್ತಿತ್ತು. ಪಕ್ಕದ ಗೂಟ ಖಾಲಿ. ನಿಮ್ಮಲ್ಲಿಂದ ವಾಪಸು ತಂದ ಮೇಲೆ ನಾಳೆ ನಾಡಿದ್ದು ಎಂದು ಡಾಕ್ಟರ ಹತ್ತಿರ ಹೋಗುವುದು ತಡವಾಯಿತು, ಎತ್ತು ನಿಲ್ಲಲಾರದೆ ಹೋಯಿತು, ಕೊಟ್ಟುಬಿಟ್ಟೆ ಎಂದ. ಯಾರಿಗೆ ಎಂದು ಮಾವ ಕೇಳಲಿಲ್ಲ. ನನ್ನ ಕಡೆ ತಿರುಗಿ, “ಹೇಳವ್ವ,” ಎಂದರು. ಅವನ ಹೆಂಡತಿ ಕೊಟ್ಟ ನೀರಿನ ಲೋಟ ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ.

ಮಹದೇವ, “ಒಂದು ಗೋಸುಂಬೆ ಬೆರಳಿಗೆ ನನ್ ಎತ್ತ ಬುಟ್ರಾ?” ಎಂದ.

“ಅಂಗೇ ಆಯ್ತು ಕಣ್ಲಾ,” ಎಂದರು ಮಾವ. ಆಮೇಲೆ ಬಗ್ಗಿ, ಉಳಿದಿದ್ದ ಒಂಟಿ ಎತ್ತಿನ ಕಾಲುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಮಹದೇವ ಬೇಡ ಎನ್ನಲಿಲ್ಲ.

ಅಂದಿನಿಂದ ಮಾವ ಮತ್ತೆ ಗೊರಸು ಮುಟ್ಟಲು ಶುರು ಮಾಡಿದರು. ಮೊದಲು ಬಿಸಿನೀರಿನಲ್ಲಿ ತೊಳೆದು ಚೆನ್ನಾಗಿ ನೋಡುತ್ತಿದ್ದರು, ಅರಿಶಿನ ಆಮೇಲೆ. ತಿಳಿಯದಿದ್ದರೆ ತಿಳಿಯದು ಎಂದು ಡಾಕ್ಟರ ಹತ್ತಿರ ಕಳಿಸುತ್ತಿದ್ದರು. ಆದರೆ ಮೊದಲಿನಷ್ಟು ಜನ ಬರಲಿಲ್ಲ. ಬಸಪ್ಪನ ಕೈಗುಣ ಹೋಯಿತಂತೆ ಎಂಬ ಮಾತು ಅಷ್ಟರಲ್ಲಿ ಊರೂರು ಸುತ್ತಿತ್ತು. ಮಹದೇವನ ಅಂಗಳದಲ್ಲಿ ನಡೆದದ್ದನ್ನು ಮಾವ ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ತೀರಿಕೊಂಡು ಐದು ವರ್ಷವಾಯಿತು. ಆಮೇಲೆ ನಾವು ಚಾಮರಾಜನಗರಕ್ಕೆ ಬಂದೆವು.

ಮೊನ್ನೆಯಿಂದ ಕೂತು ಇದಿಷ್ಟನ್ನೂ ಬರೆದು, ನಿಮಗಿಂತ ಮೊದಲು ನನ್ನ ಗಂಡನಿಗೆ ಓದಲು ಕೊಟ್ಟೆ. ಅವರ ಅಪ್ಪನ ವಿಷಯ, ಅವರಿಗೆ ಗೊತ್ತಾಗದೆ ಬೇರೆಯವರಿಗೆ ಗೊತ್ತಾಗುವುದು ಸರಿಯಲ್ಲ ಅನ್ನಿಸಿತು. ಅವರು ನಿಧಾನವಾಗಿ ಓದಿದರು. ಕೊನೆಯ ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡರು.

“ಅಪ್ಪನ ಕೈಗುಣ ಓಯ್ತು ಅಂತ ಹೇಳ್ಕಂಡು ತಿರುಗ್ದೋನು ನಾನೇ ಕಣೆ,” ಎಂದರು. “ಕಾರ್ಖಾನೇಲಿ, ಟೀ ಅಂಗ್ಡೀಲಿ, ಕೇಳ್ದೋರಿಗೆಲ್ಲ. ವಯಸ್ಸಾಯ್ತು, ಜನ ಬಂದು ತೊಂದ್ರೆ ಕೊಡದು ಬ್ಯಾಡ ಅಂತ.”

ನೀವು ಹಾಗಂದದ್ದು ನಾನು ಬಾಯಿ ಬಿಡದ್ದರಿಂದ ಎಂದೆ. ಅವರು ತಲೆ ಆಡಿಸಿದರು. ಆಮೇಲೆ ಕೇಳಿದರು:

“ನಾನೇ ಹೇಳಿದ್ದು ಅಂತ ಅಪ್ಪಂಗೆ ಗೊತ್ತಿತ್ತಾ?”

ಗೊತ್ತಿರಲಿಲ್ಲ ಎಂದುಬಿಟ್ಟರೆ ಅವರಿಗೆ ಸಮಾಧಾನವಾಗುತ್ತಿತ್ತು. ಮಾತು ನಾಲಗೆಯ ಮೇಲೇ ಇತ್ತು. ನನಗೆ ಗೊತ್ತಿಲ್ಲ ಎಂದೆ, ಅವರ ಪಕ್ಕದಲ್ಲೇ ಕೂತೆ.